ಹೋಳಿಯಿಂದ ಮಣ್ಣೆತ್ತಿನ ಅಮಾವಾಸ್ಯೆಯವರೆಗೆ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಬೇಸಾಯದ ಆಚರಣೆಗಳು ಮತ್ತು ನಂಬಿಕೆಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರೈತರಿಗೆ ವಸಂತವೆಂದರೆ ಹೊಲ ಹಸನು ಮಾಡಿಕೊಂಡು ಮುಂಗಾರಿಗೆ ಕಾಯುವ ಕಾಲ. ಫಾಲ್ಗುಣದ ಹೋಳಿ ಹುಣ್ಣಿಮೆಯಿಂದ ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಯವರೆಗೆ, ಸುಮಾರಾಗಿ ಮಾರ್ಚ್‌ನಿಂದ ಜೂನ್ ಕೊನೆಯವರೆಗೆ, ಈ ಸೀಮೆಯಲ್ಲಿ ಹಬ್ಬ, ಪೂಜೆ, ನೇಮ, ಶಕುನ, ನಿಷೇಧಗಳ ಒಂದು ಸರಣಿಯೇ ನಡೆಯುತ್ತದೆ. ಎತ್ತು, ಬೀಜ ಮತ್ತು ಮಳೆ ಇವುಗಳ ಕೇಂದ್ರ. ಮೊದಲೆರಡು ರೈತನ ಕೈಯಲ್ಲಿವೆ, ಮೂರನೆಯದು ಇಲ್ಲ. ಕೈಯಲ್ಲಿರುವುದನ್ನು ಜೋಪಾನ ಮಾಡುವುದಕ್ಕೂ ಕೈಮೀರಿದ್ದನ್ನು ಎದುರಿಸುವ ಧೈರ್ಯ ತಂದುಕೊಳ್ಳುವುದಕ್ಕೂ ಇಲ್ಲಿನ ಜನ ಕಟ್ಟಿಕೊಂಡ ಕ್ರಮವೇ ಈ ಆಚರಣೆಗಳು.

ನೆಲ ಮತ್ತು ಬೆಳೆ

ಈ ನಾಲ್ಕೂ ತಾಲ್ಲೂಕುಗಳು 1997ರ ಆಗಸ್ಟ್‌ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಅಲ್ಲಿಂದ ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ಹಿರೇಕೆರೂರಿನ ಒಂದು ಭಾಗ ಈಚೆಗೆ ರಟ್ಟೀಹಳ್ಳಿ ತಾಲ್ಲೂಕಾಗಿ ಬೇರ್ಪಟ್ಟಿದೆ. ಸೀಮೆಯ ಪಶ್ಚಿಮ ಅಂಚು ಅರೆಮಲೆನಾಡು, ಪೂರ್ವ ಬಯಲುಸೀಮೆ. ಹಾನಗಲ್ಲಿನಲ್ಲಿ ವರದಾ ಮತ್ತು ಧರ್ಮಾ ನದಿಗಳ ಆಸರೆಯಲ್ಲಿ ಭತ್ತವೇ ಹಳೆಯ ಬೆಳೆ. ಸವಣೂರಿನ ಕಡೆ ಕಪ್ಪು ಎರೆಮಣ್ಣು, ಜೋಳ, ಹತ್ತಿ, ಮೆಣಸಿನಕಾಯಿ, ಜೊತೆಗೆ ಹೆಸರಾದ ವೀಳ್ಯದೆಲೆಯ ತೋಟಗಳು. ಶಿಗ್ಗಾವಿ ಎರಡರ ನಡುವಿನ ಸೆರಗು. ಹಿರೇಕೆರೂರಿನಲ್ಲಿ ಕುಮುದ್ವತಿ ನದಿ ಹರಿಯುತ್ತದೆ. ಆ ನದಿಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಸೂರಿನ ಮದಗದ ಕೆರೆ ಇಂದಿಗೂ ಇದೆ.

ಹಾನಗಲ್ಲ ಮತ್ತು ಶಿಗ್ಗಾವಿ ಕಡೆಯ ಭತ್ತದ ಬೇಸಾಯ ಕರಾವಳಿಯದಕ್ಕಿಂತ ಭಿನ್ನ. ಇಲ್ಲಿ ಸಸಿಮಡಿ ಮಾಡಿ ನಾಟಿ ಹಚ್ಚುವ ಬದಲು ಮುಂಗಾರಿಗೆ ಮೊದಲೇ, ಅಡ್ಡಮಳೆಯ ಹಸಿಯಲ್ಲಿ, ಕೆಸರು ಮಾಡದ ನೆಲಕ್ಕೆ ಕೂರಿಗೆಯಿಂದ ಭತ್ತ ಬಿತ್ತುವ ರೂಢಿ ಹಳೆಯದು. ಆದ್ದರಿಂದ ಮೇ ತಿಂಗಳ ಒಂದೆರಡು ಮಳೆ ಈ ರೈತರ ಇಡೀ ವರ್ಷವನ್ನು ನಿರ್ಧರಿಸುತ್ತದೆ. ಯುಗಾದಿಯಿಂದ ಕಾರಹುಣ್ಣಿಮೆಯವರೆಗಿನ ಆಚರಣೆಗಳು ಇಷ್ಟು ಒತ್ತಾಗಿ ನಡೆಯುವುದಕ್ಕೆ ಇದೇ ಮುಖ್ಯ ಕಾರಣ.

ಕಾಲದ ಎಣಿಕೆ

ಹಳ್ಳಿಯಲ್ಲಿ ಎರಡು ಕಾಲಗಣನೆಗಳು ಜೊತೆಜೊತೆಯಾಗಿ ಸಾಗುತ್ತವೆ. ಮೊದಲನೆಯದು ಹಬ್ಬಗಳದು, ಚಂದ್ರನನ್ನು ಹಿಡಿದದ್ದು. ಪ್ರತಿ ಹುಣ್ಣಿಮೆಗೂ ಅಮಾವಾಸ್ಯೆಗೂ ಒಂದೊಂದು ಹೆಸರಿದೆ: ಚೈತ್ರದ ದವನದ ಹುಣ್ಣಿಮೆ, ವೈಶಾಖದ ಆಗಿ ಹುಣ್ಣಿಮೆ, ಜ್ಯೇಷ್ಠದ ಕಾರಹುಣ್ಣಿಮೆ, ಆಷಾಢದ ಕಡ್ಲಿಗಡುಬಿನ ಹುಣ್ಣಿಮೆ, ಹಾಗೆಯೇ ಅಕ್ಷತದಿಗಿ, ಬಾದಾಮಿ, ಮಣ್ಣೆತ್ತಿನ ಅಮಾವಾಸ್ಯೆಗಳು. ಓದುಬರಹ ಬಾರದವರೂ ಈ ಹೆಸರುಗಳಿಂದ ವರ್ಷವನ್ನು ಲೆಕ್ಕ ಹಾಕುತ್ತಿದ್ದರು.

ಎರಡನೆಯದು ಮಳೆ ನಕ್ಷತ್ರಗಳದು, ಸೂರ್ಯನನ್ನು ಹಿಡಿದದ್ದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು 13ರಿಂದ 14 ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ್ದೇ ಹೆಸರು. ಅಶ್ವಿನಿ ಏಪ್ರಿಲ್ 14ರ ಹೊತ್ತಿಗೆ ಹುಟ್ಟುತ್ತದೆ. ಆಮೇಲೆ ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಮೃಗಶಿರ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ. ಆಡುಮಾತಿನಲ್ಲಿ ರೋಹಿಣಿ ‘ರೋಣಿ ಮಳಿ’ಯಾಗುತ್ತದೆ, ಮೃಗಶಿರ ‘ಮಿರಗ’ವಾಗುತ್ತದೆ. ಚಂದ್ರಮಾನದ ಹಬ್ಬಗಳು ಅಧಿಕಮಾಸ ಬಂದಾಗ ಹಿಂದೆ ಮುಂದೆ ಸರಿಯುತ್ತವೆ, ಮಳೆ ನಕ್ಷತ್ರ ಸರಿಯುವುದಿಲ್ಲ. ಅದಕ್ಕೇ ರೈತ ಹಬ್ಬಕ್ಕೆ ಹುಣ್ಣಿಮೆ ಅಮಾವಾಸ್ಯೆ ನೋಡುತ್ತಾನೆ, ಬಿತ್ತಲು ನಕ್ಷತ್ರ ನೋಡುತ್ತಾನೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ, ರೋಣಿ ಸುರಿದರೆ ಓಣಿಯೆಲ್ಲ ಜೋಳ ಎಂಬ ನಂಬಿಕೆಯ ಹಿಂದೆ ಲೆಕ್ಕವಿದೆ: ಭರಣಿ ಮಳೆಗೆ ನೆಲ ಉಳುಮೆಗೆ ಬರುತ್ತದೆ, ರೋಣಿ ಮಳೆಗೆ ಬಿತ್ತಿದ ಬೆಳೆಗೆ ಮುಂದಿನ ಮೂರು ತಿಂಗಳ ತೇವ ಪೂರ್ತಿ ದಕ್ಕುತ್ತದೆ.

ಕಾಮನ ಬೆಂಕಿ, ಯುಗಾದಿಯ ಚಂದ್ರ

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಹೋಳಿ ಬರುತ್ತದೆ. ಹುಡುಗರು ಹಲಗಿ ಬಾರಿಸುತ್ತ ಮನೆಮನೆಯ ಕಟ್ಟಿಗೆ, ಕುಳ್ಳು ಕೂಡಿಹಾಕುತ್ತಾರೆ. ಕಾಮದಹನವಾದ ಮೇಲೆ ಆ ಬೆಂಕಿಯ ಕೆಂಡವನ್ನು ಮನೆಗೆ ತಂದು ಒಲೆ ಹೊತ್ತಿಸುವುದು, ಅದರಲ್ಲಿ ಕಡಲೆ ಹುರಿದು ತಿನ್ನುವುದು ವಾಡಿಕೆ. ಆ ಕಡಲೆ ತಿಂದರೆ ಹಲ್ಲು ಗಟ್ಟಿಯಾಗುತ್ತವೆ ಎನ್ನುತ್ತಾರೆ. ಊರಿಗೆಲ್ಲ ಒಂದೇ ಬೆಂಕಿ ಎಂಬ ಭಾವ ಇದರಲ್ಲಿದೆ.

ಯುಗಾದಿ ರೈತನ ಲೆಕ್ಕದ ಹೊಸ ವರ್ಷ. ಮನೆಯ ಆಳಿನ ವರ್ಷದ ಕರಾರು ಯುಗಾದಿಯಿಂದ ಯುಗಾದಿಗೆ ನಡೆಯುತ್ತಿತ್ತು. ಹೊಲದ ಲಾವಣಿ, ಪಾಲು, ಕೊಡುಕೊಳ್ಳುವ ಮಾತುಗಳೂ ಈ ಹೊತ್ತಿಗೇ ಇತ್ಯರ್ಥವಾಗುತ್ತಿದ್ದವು. ಬೇವಿನ ಹೂವು, ಬೆಲ್ಲ, ಹುಣಸೆಹುಳಿ, ಪುಟಾಣಿ ಹಾಕಿ ಮಾಡಿದ ‘ಬೇವು’ ಈ ಭಾಗದಲ್ಲಿ ಕುಡಿಯುವ ಪದಾರ್ಥ. ಸಂಜೆ ಗುಡಿಯಲ್ಲಿ ಪಂಚಾಂಗ ಓದಿಸಿ ಈ ವರ್ಷ ಮಳೆ ಎಷ್ಟು, ಯಾವ ಧಾನ್ಯಕ್ಕೆ ತೇಜಿ (ಬೆಲೆಯೇರಿಕೆ), ಯಾವುದಕ್ಕೆ ಮಂದಿ (ಬೆಲೆಯಿಳಿಕೆ) ಎಂದು ಕೇಳುತ್ತಾರೆ. ಪಾಡ್ಯ ಅಥವಾ ಬಿದಿಗೆಯ ಎಳೆ ಚಂದ್ರನನ್ನು ನೋಡಿ, ಅದರ ಎರಡು ಕೋಡುಗಳ ಏರಿಳಿತದಿಂದ ಬೆಳೆ ಬೆಲೆಗಳನ್ನು ಅಂದಾಜು ಮಾಡುವ ಹಿರಿಯರೂ ಇದ್ದಾರೆ. ಹೊಸ ವರ್ಷದ ಮೊದಲ ಉಳುಮೆಗೆ ಹಳೇ ಮೈಸೂರು ಸೀಮೆಯಲ್ಲಿ ‘ಹೊನ್ನಾರು’ ಎಂದು ಹೆಸರು. ಧಾರವಾಡ, ಹಾವೇರಿ ಕಡೆ ಎತ್ತು ಮತ್ತು ಗಳೆಯ ಪೂಜೆಯೇ ಪ್ರಧಾನ.

ವೈಶಾಖದ ಅಕ್ಷಯ ತದಿಗೆಯಂದು ಬಸವ ಜಯಂತಿ. ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಹರ್ಡೇಕರ್ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದರು. ಇಲ್ಲಿನ ಹಳ್ಳಿಗಳಲ್ಲಿ ಶರಣ ಬಸವಣ್ಣನ ಭಾವಚಿತ್ರದ ಮೆರವಣಿಗೆಯೊಡನೆ ಮೈತೊಳೆದು ಶೃಂಗರಿಸಿದ ಎತ್ತುಗಳ ಮೆರವಣಿಗೆಯೂ ಸಾಗುತ್ತದೆ. ಬಸವನೆಂಬ ಹೆಸರಿನಲ್ಲಿ ಎತ್ತಿಗೂ ಶರಣನಿಗೂ ಸಲ್ಲುವ ಗೌರವ ರೈತರ ಮನಸ್ಸಿನಲ್ಲಿ ಬೇರೆಬೇರೆಯಲ್ಲ. ಸೋಮವಾರ ಬಸವಣ್ಣನ ವಾರವಾದ್ದರಿಂದ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ಕಟ್ಟಳೆಯೂ ಇದೇ ಗೌರವದಿಂದ ಬಂದದ್ದು. ಬಿತ್ತನೆಯ ಅವಸರದಲ್ಲೂ ಇದನ್ನು ಪಾಲಿಸುವ ಮನೆತನಗಳಿವೆ. ಅಮಾವಾಸ್ಯೆಯ ದಿನವೂ ಗಳೆ ಹೂಡುವುದಿಲ್ಲ. ವರ್ಷದ ಅತಿ ಕಷ್ಟದ ದುಡಿಮೆಯ ನಡುವೆ ದನಕ್ಕೆ ವಾರಕ್ಕೊಂದು ದಿನದ ವಿಶ್ರಾಂತಿಯನ್ನು ಈ ಕಟ್ಟಳೆ ಖಾತರಿ ಮಾಡಿತು.

ಮುನ್ಸೂಚನೆಗಳು

ಮಳೆಯ ಸುದ್ದಿಗಾಗಿ ಈ ಸೀಮೆಯ ರೈತರು ಮೊದಲು ಕಿವಿಗೊಡುವುದು ಮೈಲಾರಲಿಂಗನ ಕಾರಣಿಕಕ್ಕೆ, ಅಂದರೆ ಭವಿಷ್ಯವಾಣಿಗೆ. ತುಂಗಭದ್ರೆಯ ಆಚೆ ದಡದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಉಪವಾಸ ಹಿಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಜನಸಾಗರ ಮೌನವಾದ ಕ್ಷಣದಲ್ಲಿ ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಇಂಥದೇ ಕಾರಣಿಕ ನಡೆಯುತ್ತದೆ. ಮೈಲಾರದ ನುಡಿಯನ್ನು ಮುಂಗಾರಿಗೆ, ದೇವರಗುಡ್ಡದ ನುಡಿಯನ್ನು ನಿಂತ ಬೆಳೆಗೆ ಮತ್ತು ಹಿಂಗಾರಿಗೆ ಹೊಂದಿಸಿ ಊರ ಕಟ್ಟೆಯಲ್ಲಿ ದಿನಗಟ್ಟಲೆ ಅರ್ಥ ಹೇಳುವುದುಂಟು. ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಇನ್ನೊಂದು ಕ್ರಮವಿದೆ: ಯುಗಾದಿ ಅಮಾವಾಸ್ಯೆಯ ರಾತ್ರಿ ಹಳ್ಳದ ದಂಡೆಯಲ್ಲಿ ಬೊಂಬೆ, ಧಾನ್ಯಗಳನ್ನಿಟ್ಟು ಬಂದು, ಪಾಡ್ಯದ ಬೆಳಗ್ಗೆ ಅವುಗಳಲ್ಲಿ ಆದ ಬದಲಾವಣೆ ನೋಡಿ ವರ್ಷಫಲ ಹೇಳುತ್ತಾರೆ.

ನಿಸರ್ಗವನ್ನು ನೋಡಿ ಹೇಳುವ ಲಕ್ಷಣಗಳು ಬೇರೆ. ಇರುವೆಗಳು ಮೊಟ್ಟೆ ಹೊತ್ತು ಎತ್ತರಕ್ಕೆ ಸಾಗಿದರೆ, ಹುತ್ತದಿಂದ ಈಸಲ ಹುಳು ರೆಕ್ಕೆ ಬಿಚ್ಚಿ ಎದ್ದರೆ, ಕಪ್ಪೆ ವಟಗುಟ್ಟಿದರೆ ಮಳೆ ಹತ್ತಿರ. ಸೂರ್ಯ ಚಂದ್ರರ ಸುತ್ತ ಕಣ ಕಟ್ಟಿದರೂ ಮಳೆಯ ಸೂಚನೆ. ಇವುಗಳಲ್ಲಿ ಹಲವು ವೀಕ್ಷಣೆಯಿಂದ ಹುಟ್ಟಿದವು. ಈಸಲು ಎಂಬ ರೆಕ್ಕೆಯ ಗೆದ್ದಲುಗಳು ಹಾರಲು ಗಾಳಿಯ ತೇವವೂ ನೆನೆದ ನೆಲವೂ ಬೇಕು. ಚಂದ್ರನ ಸುತ್ತಿನ ಉಂಗುರ ಮೂಡುವುದು ಎತ್ತರದ ಹಿಮಕಣಗಳ ತೆಳುಮೋಡದಿಂದ, ಆ ಮೋಡ ಅನೇಕ ಸಲ ಮಳೆಮೋಡಕ್ಕಿಂತ ಮುಂದೆ ಬರುತ್ತದೆ. ಹಲ್ಲಿ ಲೊಚಗುಟ್ಟುವುದು, ಹೊಲಕ್ಕೆ ಹೊರಟಾಗ ಬರಿಗೊಡ ಎದುರಾಗುವುದು, ಹಾಲಕ್ಕಿ ಕೂಗುವ ದಿಕ್ಕು ಇವೆಲ್ಲ ಶಕುನಗಳು. ಅವುಗಳಿಗೆ ಅಂಥ ಆಧಾರವಿಲ್ಲ.

ಬೀಜ, ಕೂರಿಗೆ, ಉಡಿ

ಬಿತ್ತನೆಗೆ ಮೊದಲು ರಂಟೆ, ಕುಂಟೆ, ಕೂರಿಗೆಗಳು ಬಡಿಗನ ಮನೆಗೆ, ಕುಡ ಕುಳಗಳು ಕಮ್ಮಾರನ ಕುಲುಮೆಗೆ ಹೋಗುತ್ತಿದ್ದವು. ಅವರಿಗೆ ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಸಲ್ಲುತ್ತಿತ್ತು. ಬೀಜವನ್ನು ಮನೆಯ ಹೆಂಗಸರು ಬೂದಿ, ಬೇವಿನ ಸೊಪ್ಪು ಬೆರೆಸಿ ಗಡಿಗೆಗಳಲ್ಲಿ, ಕಣಜಗಳಲ್ಲಿ ಕಾಪಾಡಿರುತ್ತಿದ್ದರು. ಅದನ್ನು ಹೊರಗೆ ತೆಗೆಯುವ ದಿನ ದೇವರ ಮುಂದಿಟ್ಟು ಅರಿಷಿಣ, ಕುಂಕುಮ ಹಚ್ಚುತ್ತಾರೆ. ದೀಪ ಹಚ್ಚಿದ ಮೇಲೆ ಬೀಜ ಹೊರಗೆ ಕೊಡುವುದಿಲ್ಲ. ಬಿತ್ತುವ ಬೀಜ ತಿನ್ನಬಾರದೆಂಬ ಕಟ್ಟಳೆ ಹಸಿವಿನ ದಿನಗಳಲ್ಲೂ ನಡೆಯಿತು.

ಬಿತ್ತನೆಯ ಮೊದಲ ದಿನ ಕೂರಿಗೆಯ ಬಟ್ಟಲಿಗೆ ಪೂಜೆ ಮಾಡಿ, ಕಾಯಿ ಒಡೆದು, ಎತ್ತುಗಳ ಹಣೆಗೆ ಕುಂಕುಮವಿಟ್ಟು ಮೊದಲ ಸಾಲು ಹಿಡಿಯುತ್ತಾರೆ. ಗಂಡು ಎತ್ತು ಹೊಡೆದರೆ ಹೆಣ್ಣು ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿಗೆ ಬಿಡುತ್ತಾಳೆ. ಬಟ್ಟಲಿನಿಂದ ತಾಳುಗಳ ಮೂಲಕ ಕಾಳು ಸಾಲಿಗಿಳಿಯುತ್ತದೆ. ಅಕ್ಕಡಿ (ಮಿಶ್ರ) ಬೆಳೆಗೆ ಸೆಡ್ಡಿ, ಅಂದರೆ ಬೀಜ ಬಿಡುವ ಕೊಳವೆ, ಹಿಡಿಯುವವಳೂ ಹೆಣ್ಣೇ. ಕಾಳಿನ ಅಂತರ ಅವಳ ಬೆರಳ ಹದದಲ್ಲಿರುತ್ತಿತ್ತು. ಎಡೆ ಹೊಡೆಯುವಾಗ, ಕೊಯ್ಲಿನಲ್ಲಿ ಆ ಹದ ಎದ್ದು ಕಾಣುತ್ತಿತ್ತು. ಭೂಮಿಯನ್ನು ಹೆಣ್ಣೆಂದು, ಬಿತ್ತನೆಯನ್ನು ಉಡಿ ತುಂಬುವುದೆಂದು ಕಾಣುವ ದೃಷ್ಟಿ ಈ ದಿನ ಆರಂಭವಾಗಿ ಸೀಗಿ ಹುಣ್ಣಿಮೆಯ ಬಯಕೆಯೂಟದವರೆಗೆ ಬೆಳೆಯುತ್ತದೆ. ಆದರೆ ಇದೇ ಆಚರಣೆ ವಿಧವೆಯನ್ನೂ ಮುಟ್ಟಾದವಳನ್ನೂ ಮೊದಲ ಬೀಜದಿಂದ ದೂರ ಇರಿಸಿತು. ವರ್ಷವಿಡೀ ಅದೇ ಹೊಲದಲ್ಲಿ ದುಡಿಯುವ ಹೆಣ್ಣಿಗೆ ಇದು ಅನ್ಯಾಯ.

ಧಾನ್ಯದ ಬಗೆಗಿನ ಈ ಆದರಕ್ಕೆ ಸೀಮೆಯ ಸಾಹಿತ್ಯದಲ್ಲೂ ನೆಲೆಯಿದೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ಮತ್ತು ರಾಗಿಯ ನಡುವಿನ ವಾದವನ್ನೇ ಕಾವ್ಯವಸ್ತು ಮಾಡಿದರು, ಬಡವರ ಧಾನ್ಯವಾದ ರಾಗಿಗೆ ಅಲ್ಲಿ ಗೆಲುವು.

ಕಾರಹುಣ್ಣಿಮೆ

ಜ್ಯೇಷ್ಠದ ಹುಣ್ಣಿಮೆ ಎತ್ತಿನ ಹಬ್ಬ. ಹುಣ್ಣಿಮೆಯ ಮುನ್ನಾದಿನ ‘ಹೊನ್ನುಗ್ಗಿ’. ಅಂದು ಎತ್ತುಗಳನ್ನು ಹಳ್ಳ ಕೆರೆಗಳಲ್ಲಿ ತಿಕ್ಕಿ ತೊಳೆದು, ಜೋಳ ಅಥವಾ ಗೋಧಿಯ ನುಚ್ಚಿಗೆ ಬೆಲ್ಲ ಹಾಕಿ ಕುದಿಸಿದ ಉಗ್ಗಿ ತಿನ್ನಿಸುತ್ತಾರೆ. ಬಿದಿರಿನ ಗೊಟ್ಟದಿಂದ ಎಣ್ಣೆ, ಅರಿಷಿಣ, ಕೋಳಿಮೊಟ್ಟೆ ಕುಡಿಸುವುದೂ ಉಂಟು. ಬೇಸಿಗೆಯ ಒಣಮೇವಿನಿಂದ ಸೊರಗಿದ ಎತ್ತಿಗೆ ದುಡಿಮೆಯ ದಿನಗಳಲ್ಲಿ ಕಸುವು ತುಂಬುವ ಉಪಚಾರ ಇದು.

ಹುಣ್ಣಿಮೆಯ ದಿನ ಕೋಡು ಹೆರೆದು ಬಣ್ಣ ಬಳಿದು, ಕೋಡಣಸು, ಹಣೆಪಟ್ಟಿ, ಗೆಜ್ಜೆಸರ, ಕೊರಳ ಗಂಟೆ, ಬೆನ್ನಿಗೆ ಜೂಲ ಹಾಕುತ್ತಾರೆ. ಕೋಡಿಗೆ ಕೋಡಬಳೆ ಸಿಕ್ಕಿಸುತ್ತಾರೆ. ಮನೆಯಲ್ಲಿ ಹೋಳಿಗೆ, ಎತ್ತಿಗೆ ಎಡೆಯಿಟ್ಟ ಮೇಲೆಯೇ ಮನೆಯವರ ಊಟ. ಸಂಜೆ ಊರ ಅಗಸಿಗೆ ಅಡ್ಡಲಾಗಿ ಬೇವಿನ ತೊಪ್ಪಲು, ಕೊಬ್ಬರಿ ಕಟ್ಟಿದ ಹಗ್ಗ ಬಿಗಿದು ಎತ್ತುಗಳನ್ನು ಓಡಿಸುತ್ತಾರೆ. ಮೊದಲು ಹಗ್ಗ ಹರಿದು ಅಗಸಿ ಹೊಕ್ಕ ಎತ್ತು ಕರಿ ಹರಿದಂತೆ. ಬಿಳಿ ಎತ್ತು ಹರಿದರೆ ಹಿಂಗಾರಿಯ ಬಿಳಿಜೋಳ, ಹತ್ತಿ ಚೆನ್ನ. ಕೆಂದೆತ್ತು ಹರಿದರೆ ಮುಂಗಾರಿಯ ಬೆಳೆ ಚೆನ್ನ ಎಂಬುದು ನಂಬಿಕೆ. ಎರಡೂ ಉತ್ತರಗಳಲ್ಲಿ ಒಂದು ಬೆಳೆಯ ಭರವಸೆಯಿದೆ, ಬರಗಾಲವೆಂಬ ಉತ್ತರವೇ ಇಲ್ಲ. ಬಿತ್ತನೆಯ ಹೊಸ್ತಿಲಲ್ಲಿ ನಿಂತ ಊರಿಗೆ ಅಗತ್ಯವಾದದ್ದೂ ಅದೇ.

ಜಾತಿ ಮತಗಳ ಗೆರೆ ಈ ಹಬ್ಬದಲ್ಲಿ ತೆಳುವಾಗುತ್ತದೆ. ನವಾಬರು ಆಳಿದ ಸವಣೂರು, ಸಂತ ಶರೀಫರ ಶಿಶುವಿನಹಾಳ ಇರುವ ಶಿಗ್ಗಾವಿ ಸೀಮೆಯಲ್ಲಿ ಎತ್ತು ಕಟ್ಟಿದ ಮುಸ್ಲಿಂ ರೈತರೂ ಕೋಡಿಗೆ ಬಣ್ಣ ಹಚ್ಚುತ್ತಾರೆ. ಎತ್ತು ಇದ್ದವರದೆಲ್ಲ ಕಾರಹುಣ್ಣಿಮೆ.

ಈ ಸೀಮೆಯ ಇನ್ನೊಂದು ಖ್ಯಾತ ಕ್ರೀಡೆ ದೀಪಾವಳಿಯಿಂದ ಆರಂಭವಾಗುವ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಓಡಿಸಿ, ಧೈರ್ಯವಂತರು ಸರ ಹರಿಯುವ ಈ ಆಟ ಹಾನಗಲ್ಲ, ಹಿರೇಕೆರೂರು ಕಡೆ ಬಲು ಜನಪ್ರಿಯ. ಅಲ್ಲಿ ಪಂದ್ಯವೇ ಮುಖ್ಯವಾದರೆ ಕಾರಹುಣ್ಣಿಮೆಯಲ್ಲಿ ಪೂಜೆ ಮುಖ್ಯ.

ಮಣ್ಣೆತ್ತಿನ ಅಮಾವಾಸ್ಯೆ

ಹದಿನೈದು ದಿನಗಳ ನಂತರ ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣಿನಿಂದ ಜೋಡೆತ್ತು, ಜೊತೆಗೊಂದು ಗೋದಲಿ ಮಾಡಿ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಕುಸುಬಿ, ಜೋಳದ ಕಾಳುಗಳಿಂದ ಅವನ್ನು ಅಲಂಕರಿಸುವುದುಂಟು. ಕುಂಬಾರರು ಮಾಡಿದ ಎತ್ತುಗಳು ಸಂತೆಗೂ ಬರುತ್ತವೆ. ಸ್ವಂತ ಎತ್ತಿಲ್ಲದ ಕೂಲಿಕಾರನ ಮನೆಯಲ್ಲೂ ಅಂದು ಒಂದು ಜೊತೆ ಎತ್ತು ಇರುತ್ತವೆ. ಮರುದಿನ ಮಕ್ಕಳು ಕುಂಟೆತ್ತಿನ ಗೊಂಬೆಯೊಂದನ್ನು ಹಿಡಿದು ಮನೆಮನೆಗೆ ಹೋಗಿ ಕಾಳು ಬೇಡುತ್ತಾರೆ. ಬಂದ ಕಾಳಿನಿಂದ ಊಟ ಮಾಡುತ್ತಾರೆ. ದುಡಿಯಲಾರದ ಪ್ರಾಣಿಯ ಹೆಸರಿನಲ್ಲಿ ಊರು ಕಾಳು ಕೊಡುವ ಈ ಪದ್ಧತಿ ಮಕ್ಕಳಿಗೆ ಕಲಿಸುವ ಪಾಠ ದೊಡ್ಡದು.

ಇಲ್ಲಿಂದ ಮುಂದೆ ಮಣ್ಣಿನ ಮೂರ್ತಿಗಳ ಸಾಲು: ಆಷಾಢದ ಮಂಗಳವಾರಗಳ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ ಮತ್ತು ಜೋಕುಮಾರ. ನಾಗರ ಪಂಚಮಿಯಂದು ನೆಲ ಅಗಿಯುವುದಿಲ್ಲ, ಗಳೆ ಹೂಡುವುದಿಲ್ಲ. ನೇಗಿಲ ಕುಳಕ್ಕೆ ಸಿಕ್ಕಿ ಹಾವಿನ ಮರಿಗಳು ಸತ್ತ ಕತೆಯನ್ನು ಅದಕ್ಕೆ ಕಾರಣವಾಗಿ ಹೇಳುತ್ತಾರೆ. ಜೋಕುಮಾರ ಭೂಲೋಕದ ಕಷ್ಟ ನೋಡಿ ಹೋಗಿ ಶಿವನಿಗೆ ಮಳೆಗಾಗಿ ವರದಿ ಒಪ್ಪಿಸುತ್ತಾನೆ ಎಂಬ ನಂಬಿಕೆಯಿದೆ. ಆಶ್ವೀಜದ ಸೀಗಿ ಹುಣ್ಣಿಮೆಯಲ್ಲಿ ಹೊಡೆ ತುಂಬಿದ ಬೆಳೆಗೆ, ಬಸುರಿಯೆಂದು ಬಗೆದು, ಚರಗ ಚೆಲ್ಲುತ್ತಾರೆ. ನೆರೆಯ ಸೊರಬ, ಸಾಗರಗಳಲ್ಲಿ ಇದೇ ಹಬ್ಬಕ್ಕೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊರುತ್ತಾರೆ.

ಕೊಟ್ಟಿಗೆ ಮತ್ತು ಹೈನು

ಎತ್ತು ಕೊಳ್ಳುವಾಗ ಹಲ್ಲು, ಗೊರಸು, ನಡಿಗೆಗಳ ಜೊತೆ ಮೈಮೇಲಿನ ಸುಳಿ ನೋಡುತ್ತಾರೆ. ಸುಳಿಯ ಸ್ಥಾನದಿಂದ ಒಡೆಯನ ಏಳಿಗೆ ಅಥವಾ ಕೇಡು ಹೇಳುವ ಪರಿಣತರಿಗೆ ದನದ ಸಂತೆಯಲ್ಲಿ ಬೇಡಿಕೆ ಇತ್ತು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದು ಅಲ್ಲಿನ ರೂಢಿ. ದೃಷ್ಟಿ ತಾಗದಿರಲೆಂದು ಕೊರಳಿಗೆ ಕರಿದಾರ, ಕವಡೆಸರ. ಹೊಲದಲ್ಲಿ ಸುಣ್ಣದ ಚುಕ್ಕಿಯಿಟ್ಟ ಕರಿ ಗಡಿಗೆ ಅಥವಾ ಬೆದರುಗೊಂಬೆ.

ಈದ ಹಸುವಿನ ಗಿಣ್ಣವನ್ನು ದೇವರಿಗೆ ಮುಟ್ಟಿಸಿ, ನೆರೆಮನೆಗೆ ಹಂಚಿದ ಮೇಲೆ ತಿನ್ನಬೇಕು. ಮುಸ್ಸಂಜೆಯ ನಂತರ ಹಾಲು, ಹೆಪ್ಪು, ಮೊಸರು ಹೊರಗೆ ಕೊಡಬಾರದು. ಕೊಡಲೇಬೇಕಾದರೆ ಉಪ್ಪಿನ ಹರಳನ್ನೋ ಮೆಣಸಿನಕಾಯಿಯನ್ನೋ ಜೊತೆಗಿಡಬೇಕು. ಕಾಲುಬಾಯಿ ಬೇನೆ ಬಂದಾಗ ಊರ ಅಗಸಿಗೆ ಮಂತ್ರಿಸಿದ ಕಾಯಿ ಅಥವಾ ಹಗ್ಗ ಕಟ್ಟಿ ಅದರಡಿ ದನಗಳನ್ನು ದಾಟಿಸುವ ರೂಢಿಯಿದೆ. ಮುಂಗಾರಿನ ಆರಂಭದಲ್ಲಿ ಗಂಟಲುಬೇನೆ, ಚಪ್ಪೆ ರೋಗಗಳು ಹೆಚ್ಚುವುದರಿಂದ ಪಶುವೈದ್ಯ ಇಲಾಖೆ ಈಗ ಮಳೆಗೆ ಮೊದಲೇ ಲಸಿಕೆ ಹಾಕುತ್ತದೆ. ದನವನ್ನು ನಿಜವಾಗಿ ಉಳಿಸುವುದು ಈ ಲಸಿಕೆ. ಹೊನ್ನುಗ್ಗಿಗೆ ಮೊದಲೇ ಅದನ್ನೂ ಹಾಕಿಸಿದರೆ ಹಬ್ಬದ ಉದ್ದೇಶ ಪೂರ್ಣವಾಗುತ್ತದೆ.

ಮಳೆ ಬಾರದಾಗ

ಮಿರಗ ಕಳೆದು ಆರಿದ್ರಾ ಹುಟ್ಟಿದರೂ ಹನಿ ಬೀಳದಿದ್ದರೆ ಊರು ಒಟ್ಟಾಗಿ ಮೊರೆಯಿಡುತ್ತದೆ. ಹುಡುಗನೊಬ್ಬನ ತಲೆಯ ಮೇಲೆ ರೊಟ್ಟಿ ಹಂಚು, ಅದರಲ್ಲಿ ಸಗಣಿಯಿಂದ ಮಾಡಿದ ಗುರ್ಜಿಯೆಂಬ ಮೂರ್ತಿ ಇಟ್ಟು ಮನೆಮನೆಗೆ ಕರೆದೊಯ್ಯುತ್ತಾರೆ. ಮನೆಯೊಡತಿ ಗುರ್ಜಿಯ ಮೇಲೆ ಕೊಡ ನೀರು ಸುರಿಯುತ್ತಾಳೆ, ಹುಡುಗ ತಿರುಗುತ್ತ ನೀರು ಚಿಮ್ಮಿಸುತ್ತಾನೆ. ಹಿಟ್ಟು, ಜೋಳ ನೀಡುತ್ತಾರೆ. ಕಪ್ಪೆಗಳಿಗೆ, ಕತ್ತೆಗಳಿಗೆ ಮದುವೆ ಮಾಡುತ್ತಾರೆ. ಏಳು ದಿನ ಎಡೆಬಿಡದೆ ಸಪ್ತ ಭಜನೆ ನಡೆಯುತ್ತದೆ. ಕೆಲವು ಊರುಗಳಲ್ಲಿ ವಾರ ಹಿಡಿಯುತ್ತಾರೆ: ಐದು ವಾರ ಒಂದು ಗೊತ್ತಾದ ದಿನ ಹೊಲದ ಕೆಲಸ ನಿಲ್ಲಿಸಿ ಗ್ರಾಮದೇವತೆಗೆ ನಡೆದುಕೊಳ್ಳುತ್ತಾರೆ. ದ್ಯಾಮವ್ವನ ಜಾತ್ರೆಗೆ ಮುನ್ನ ಊರೆಲ್ಲ ಹೊರಗೆ ಹೋಗಿ ಅಡುಗೆ ಮಾಡಿ ಉಂಡು ಬರುವ ‘ಹೊರಬೀಡು’ ಕೂಡ ಈ ಭಾಗದ್ದೇ.

ಈ ಎಲ್ಲ ಆಚರಣೆಗಳಲ್ಲಿ ಊರು ತಾನೇ ಏನನ್ನೋ ತ್ಯಾಗ ಮಾಡುತ್ತದೆ: ನೀರು, ಕಾಳು, ನಿದ್ದೆ, ಒಂದು ದಿನದ ದುಡಿಮೆ. ಇದಕ್ಕೆ ತೀರ ವಿರುದ್ಧವಾದ ನಂಬಿಕೆಯೊಂದಿದೆ. ತೊನ್ನು ಇದ್ದವರ ಶವವನ್ನು ಹೂತರೆ ಮಳೆ ಹೋಗುತ್ತದೆ ಎಂದು ಮಧ್ಯ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಬರಗಾಲದಲ್ಲಿ ಹೂತ ಶವಗಳನ್ನು ಹೊರತೆಗೆದು ಸುಟ್ಟಿದ್ದಾರೆ. ತೊನ್ನು ಅಂಟುರೋಗವಲ್ಲ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾಗುವುದರಿಂದ ಬರುವ ಸ್ಥಿತಿ. ಮುಂಗಾರು ಹುಟ್ಟುವುದು ಹಿಂದೂ ಮಹಾಸಾಗರದ ಗಾಳಿಗಳಿಂದ. ಯಾವ ಊರಿನ ಸ್ಮಶಾನವೂ ಅದನ್ನು ತಡೆಯಲಾರದು. ಸತ್ತವರಿಗೆ ಅವಮಾನ, ಬದುಕಿರುವ ಬಂಧುಗಳಿಗೆ ಹಿಂಸೆ ತರುವ ಈ ರೂಢಿಯನ್ನು ಸಂಪ್ರದಾಯವೆಂದು ಉಳಿಸಿಕೊಳ್ಳಲು ಯಾವ ಕಾರಣವೂ ಇಲ್ಲ. ಆಚರಣೆಗಳನ್ನು ಅಳೆಯಲು ಇಲ್ಲೊಂದು ಅಳತೆಗೋಲು ಸಿಗುತ್ತದೆ: ಸಮುದಾಯ ತಾನೇ ಹೊಣೆ ಹೊರುವ ಆಚರಣೆ ಉಳಿಯಬೇಕು, ದುರ್ಬಲರ ಮೇಲೆ ಹೊಣೆ ಹೊರಿಸುವ ನಂಬಿಕೆ ಅಳಿಯಬೇಕು.

ಐರ್ಲೆಂಡಿನ ವಸಂತಾಚರಣೆಗಳೊಡನೆ ಹೋಲಿಕೆ

ಬೇಸಾಯ, ಹೈನುಗಾರಿಕೆಯನ್ನು ನಂಬಿದ ದೂರದ ಐರ್ಲೆಂಡಿನಲ್ಲೂ ವಸಂತಕ್ಕೆ ಇಂಥದೇ ಕಟ್ಟಳೆಗಳಿದ್ದವು. ಫೆಬ್ರುವರಿ 1ರ ಸಂತ ಬ್ರಿಜಿಡ್ ಹಬ್ಬಕ್ಕೆ ಜೊಂಡಿನಿಂದ ಹೆಣೆದ ಶಿಲುಬೆಯನ್ನು ಮನೆಗೂ ಕೊಟ್ಟಿಗೆಗೂ ಕಟ್ಟುತ್ತಾರೆ. ಮೇ 1ರ ಬೆಲ್ಟನೆ ಹಬ್ಬದಲ್ಲಿ ದನಗಳನ್ನು ಎರಡು ಬೆಂಕಿಗಳ ನಡುವೆ ದಾಟಿಸುತ್ತಿದ್ದುದನ್ನು ಸುಮಾರು ಸಾವಿರದ ನೂರು ವರ್ಷ ಹಳೆಯ ಐರಿಷ್ ಪದಕೋಶವೊಂದು ದಾಖಲಿಸಿದೆ. ಆ ದಿನ ಮನೆಯಿಂದ ಬೆಂಕಿ, ಹಾಲು, ಬೆಣ್ಣೆ ಹೊರಗೆ ಕೊಡುತ್ತಿರಲಿಲ್ಲ. ಕೊಟ್ಟರೆ ವರ್ಷದ ಬೆಣ್ಣೆಯ ಅದೃಷ್ಟ ಹೋಗುತ್ತದೆಂಬ ಭಯವಿತ್ತು. ಹೊಲದ ನಡುವೆ ಒಂಟಿಯಾಗಿ ನಿಂತ ಮುಳ್ಳುಮರ ಯಕ್ಷರದೆಂದು ಅದನ್ನು ಕಡಿಯುತ್ತಿರಲಿಲ್ಲ, ನಮ್ಮಲ್ಲಿ ಹುತ್ತವನ್ನೂ ಬನ್ನಿಮರವನ್ನೂ ಬಿಟ್ಟು ಉಳುವ ಹಾಗೆ. ಎರಡು ನಾಡುಗಳ ನಡುವೆ ಕೊಡುಕೊಳ್ಳುವಿಕೆ ನಡೆದಿರಬೇಕೆಂದು ಊಹಿಸಬೇಕಾಗಿಲ್ಲ. ದನ ಸತ್ತರೆ, ಬೀಜ ಕೆಟ್ಟರೆ ಮನೆಯೇ ಮುಳುಗುವ ಬದುಕಿನಲ್ಲಿ ಭಯವೂ ಎಚ್ಚರವೂ ಎಲ್ಲೆಡೆ ಒಂದೇ ಬಗೆಯವು. ವ್ಯತ್ಯಾಸವಿರುವುದು ಕಾಯುವ ವಸ್ತುವಿನಲ್ಲಿ: ಅಲ್ಲಿನ ವಸಂತ ಹುಲ್ಲು ಚಿಗುರಿಸುವ ಬಿಸಿಲಿಗೆ ಕಾದರೆ ಇಲ್ಲಿನದು ಮೋಡಕ್ಕೆ ಕಾಯುತ್ತದೆ.

ಬದಲಾವಣೆ

ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯ ಬೇಸಾಯ ಬುಡಮಟ್ಟ ಬದಲಾಗಿದೆ. ಜೋಳ, ಭತ್ತದ ಹೊಲಗಳಲ್ಲಿ ಗೋವಿನಜೋಳ ಮತ್ತು ಬಿಟಿ ಹತ್ತಿ ಹಬ್ಬಿವೆ. ಹೈಬ್ರಿಡ್ ಬೀಜ ಪ್ರತಿ ವರ್ಷ ಅಂಗಡಿಯಿಂದ ಬರುವುದರಿಂದ ಬೀಜ ಕಾಯುವ ಹೆಂಗಸರ ವಿದ್ಯೆಗೆ ಕೆಲಸವಿಲ್ಲದಂತಾಗಿದೆ. ಟ್ರ್ಯಾಕ್ಟರ್ ಬಂದಂತೆ ಎತ್ತು ಕಡಿಮೆಯಾಗಿವೆ; ಕರಿ ಹರಿಯಲು ಜೋಡಿಗಳೇ ಸಿಗದ ಊರುಗಳಿವೆ. ಟ್ರ್ಯಾಕ್ಟರಿಗೆ ಸೋಮವಾರದ ಬಿಡುವು ಬೇಕಿಲ್ಲ. ಆದರೆ ಆತಂಕ ಕಡಿಮೆಯಾಗಿಲ್ಲ, ಅದರ ರೂಪ ಬದಲಾಗಿದೆ. 2008ರ ಜೂನ್ 10ರಂದು ಗೊಬ್ಬರಕ್ಕಾಗಿ ಹಾವೇರಿಯಲ್ಲಿ ನಡೆದ ಪ್ರತಿಭಟನೆಯ ಮೇಲೆ ಗೋಲಿಬಾರ್ ಆಗಿ ರೈತರು ಪ್ರಾಣ ಕಳೆದುಕೊಂಡರು. ಅದು ಮಿರಗ ಹುಟ್ಟಿದ ವಾರ. ನಕ್ಷತ್ರ ಕಳೆದರೆ ಬಿತ್ತನೆ ಕೈತಪ್ಪುತ್ತದೆಂಬ ತಳಮಳ ಗೊತ್ತಿದ್ದವರಿಗೆ ಆ ದಿನದ ಪ್ರತಿಭಟನೆಯ ಒತ್ತಡ ಅರ್ಥವಾಗುತ್ತದೆ.

ಇನ್ನೊಂದು ಕಡೆ ಹಬ್ಬಗಳು ಹೊಸ ರೂಪದಲ್ಲಿ ಬೆಳೆಯುತ್ತಲೂ ಇವೆ. ಟ್ರ್ಯಾಕ್ಟರಿಗೂ ಬೇವಿನ ತೊಪ್ಪಲು ಕಟ್ಟುತ್ತಾರೆ. ಹೋರಿಗಳಿಗೆ ಅಭಿಮಾನಿ ಬಳಗಗಳಿವೆ. ಉಳವಿ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವ ಪರಂಪರೆ ಉತ್ತರ ಕರ್ನಾಟಕದ ರೈತರಲ್ಲಿ ಇನ್ನೂ ಜೀವಂತವಾಗಿದೆ.

ದಾಖಲಾತಿ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಈ ಸೀಮೆಯ ನಡುವೆಯೇ ಇದೆ. ಅದೇ ಊರಿನ ಬಳಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಹಳ್ಳಿಯ ದುಡಿಮೆ, ಮನೆ, ದನಕರುಗಳನ್ನು ಆಳೆತ್ತರದ ಶಿಲ್ಪಗಳಲ್ಲಿ ತೋರಿಸುತ್ತದೆ. ಶಿಲ್ಪದಲ್ಲಿ ರೂಪ ಉಳಿಯುತ್ತದೆ. ಯಾವ ದಿನ, ಯಾವ ಮಳೆಗೆ, ಯಾವ ಮಣ್ಣಿನಲ್ಲಿ, ಯಾರು, ಏನು ಮಾಡಿದರು ಎಂಬ ತಿಳಿವಳಿಕೆ ಉಳಿಯಬೇಕಾದರೆ ಕೇಳಿ ಬರೆದುಕೊಳ್ಳಲೇಬೇಕು.

ಐರ್ಲೆಂಡ್ ಇದಕ್ಕೊಂದು ಮಾದರಿ ಕೊಟ್ಟಿದೆ. 1935ರಲ್ಲಿ ಸ್ಥಾಪನೆಯಾದ ಅಲ್ಲಿನ ಜಾನಪದ ಆಯೋಗ 1937ರಿಂದ 1939ರ ಅವಧಿಯಲ್ಲಿ ಸುಮಾರು 50,000 ಶಾಲಾ ಮಕ್ಕಳಿಂದ ಅವರ ಮನೆಯ, ನೆರೆಯ ಹಿರಿಯರ ಮಾತುಗಳನ್ನು ಬರೆಸಿತು. ಬ್ರಿಜಿಡ್ ಹಬ್ಬ, ಮೇ ಹಬ್ಬ, ಬೆಣ್ಣೆಯ ನಂಬಿಕೆಗಳ ಬಗ್ಗೆ ಇಂದು ಜಗತ್ತಿಗೆ ಇಷ್ಟು ವಿವರ ಗೊತ್ತಿರುವುದಕ್ಕೆ ಆ ಮಕ್ಕಳ ಬರಹ ಒಂದು ಮುಖ್ಯ ಕಾರಣ. ಆಯೋಗದ ಸಂಗ್ರಹ 2017ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು.

ಹಾನಗಲ್ಲಿನಿಂದ ಹಿರೇಕೆರೂರಿನವರೆಗಿನ ಪ್ರೌಢಶಾಲೆಗಳ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಇಂಥದೇ ಕೆಲಸ ಮಾಡಬಲ್ಲರು. ಕೂರಿಗೆ ಭತ್ತ ಬಿತ್ತಿದ ಕೈಗಳು, ಸೆಡ್ಡಿ ಹಿಡಿದ ಹೆಂಗಸರು, ಗುರ್ಜಿ ಹೊತ್ತು ನೆನೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ತಿಳಿವಳಿಕೆಯಲ್ಲಿ ನೆಲದ ಹದ, ಬೀಜದ ಆಯ್ಕೆ, ದನದ ಆರೈಕೆ, ಬರದ ದಿನಗಳ ಹಂಚಿಕೆ ಎಲ್ಲ ಸೇರಿವೆ. ಮುಂಗಾರು ದಿನೇ ದಿನೇ ಅಸ್ಥಿರವಾಗುತ್ತಿರುವ ಈ ಕಾಲದಲ್ಲಿ, ಮಳೆ ತಪ್ಪಿದ ವರ್ಷಗಳನ್ನು ಹಿಂದಿನವರು ಹೇಗೆ ದಾಟಿದರು ಎಂಬುದು ಮುಂದಿನ ತಲೆಮಾರಿನ ರೈತರಿಗೂ ಬೇಕಾಗುತ್ತದೆ.